ಕರೆಂಟ್ ಹೋದ ಸುದ್ದಿಗೆ ಬೇರೆ ದಾರಿ ಬೇಕು

ಮಳೆಗಾಲದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕರೆಂಟ್ ಹೋಗುವುದನ್ನು ಯಾರೂ ಸುದ್ದಿ ಎಂದುಕೊಳ್ಳುವುದಿಲ್ಲ. ಆರಿದ್ರಾ ಹಿಡಿದುಕೊಂಡಿತೆಂದರೆ ಪುಷ್ಯ, ಆಶ್ಲೇಷ ಮುಗಿಯುವವರೆಗೂ ಕಿಗ್ಗ, ಕೆರೆಕಟ್ಟೆ, ನೆಮ್ಮಾರು, ಜಯಪುರದ ಆಸುಪಾಸಿನಲ್ಲಿ ಲೈನಿನ ಮೇಲೆ ಮರ ಬೀಳುತ್ತದೆ, ಕಂಬ ವಾಲುತ್ತದೆ, ಟಿ.ಸಿ. ಸುಡುತ್ತದೆ. ಮೆಸ್ಕಾಂನ ಲೈನ್‌ಮನ್‌ಗಳು ಕತ್ತಿ, ಹಗ್ಗ ಹಿಡಿದು ಆ ಮಳೆಯಲ್ಲೇ ಕಾಡಿನೊಳಗೆ ನಡೆಯುತ್ತಾರೆ. ಜನ ಇದಕ್ಕೆಲ್ಲ ಹೊಂದಿಕೊಂಡಿದ್ದಾರೆ. ಹೊಂದಿಕೊಳ್ಳಲಾಗದೇ ಇರುವುದು ಅದರ ಬೆನ್ನಿಗೇ ಬರುವ ಇನ್ನೊಂದು ಕಷ್ಟಕ್ಕೆ: ಕರೆಂಟ್ ಹೋಗಿ ಕೆಲವು ಗಂಟೆ ಕಳೆಯುವಷ್ಟರಲ್ಲಿ ಮೊಬೈಲ್ ಟವರೂ ಸುಮ್ಮನಾಗುತ್ತದೆ. ಟವರಿನ ಬುಡದಲ್ಲಿ ಬ್ಯಾಟರಿ ಇರುತ್ತದೆ, ಹಲವೆಡೆ ಜನರೇಟರೂ ಇರುತ್ತದೆ, ಆದರೂ ನೆಟ್‌ವರ್ಕ್ ಇರುವುದಿಲ್ಲ. ಬ್ಯಾಟರಿ ಹಳತಾಗಿತ್ತು, ಡೀಸೆಲ್ ಮುಗಿದಿತ್ತು, ಜನರೇಟರ್ ಸ್ಟಾರ್ಟ್ ಆಗಲಿಲ್ಲ ಎಂಬ ಕಾರಣಗಳೆಲ್ಲ ಎಲ್ಲ ಮುಗಿದ ಮೇಲೆ ತಿಳಿಯುತ್ತವೆ. ಬ್ಯಾಕಪ್ ವ್ಯವಸ್ಥೆ ಸೋಲುತ್ತಿದೆ ಎಂಬ ಸುದ್ದಿ ಅದು ಸೋಲುವ ಮೊದಲೇ ಬರಬೇಕಾದರೆ, ಆ ಸುದ್ದಿಯ ದಾರಿ ಅದೇ ಬ್ಯಾಕಪ್ಪನ್ನು ನೆಚ್ಚಿಕೊಂಡಿರಬಾರದು. ಅಂಥ ದಾರಿಯೊಂದು ನಮ್ಮಲ್ಲಿ ಇತ್ತು. ಮಾಮೂಲಿ ಟೆಲಿಫೋನ್ ತಂತಿ, ಅದರ ತುದಿಗೊಂದು ಡಯಲಪ್ ಮೋಡೆಮ್. ಅದನ್ನು ಗುಜರಿಗೆ ಹಾಕುವ ಅವಸರದಲ್ಲಿ ಅದು ಮಾಡುತ್ತಿದ್ದ ಕೆಲಸವನ್ನೂ ಗುಜರಿಗೆ ಹಾಕುತ್ತಿದ್ದೇವೆ ಎಂಬುದು ನನ್ನ ತಕರಾರು.

ಹಳೆಯ ಲ್ಯಾಂಡ್‌ಲೈನ್ ಫೋನಿಗೆ ಮನೆಯಲ್ಲಿ ಪ್ಲಗ್ ಇರಲಿಲ್ಲ ಎಂಬುದನ್ನು ನೆನಪಿಸಿಕೊಂಡರೆ ಅರ್ಧ ವಿಷಯ ಅರ್ಥವಾದಂತೆ. ಮಾತು ಹೋಗುತ್ತಿದ್ದ ಅದೇ ಜೋಡಿ ತಾಮ್ರದ ತಂತಿಯಲ್ಲಿ ಫೋನಿಗೆ ಬೇಕಾದ ವಿದ್ಯುತ್ತೂ ಬರುತ್ತಿತ್ತು. ಎಕ್ಸ್‌ಚೇಂಜಿನ ಒಂದು ಕೋಣೆಯಲ್ಲಿ 2 ವೋಲ್ಟಿನ 24 ಸೆಲ್‌ಗಳನ್ನು ಸಾಲಾಗಿ ಜೋಡಿಸಿದ ಬ್ಯಾಟರಿ ಇರುತ್ತದೆ. ಒಟ್ಟು 48 ವೋಲ್ಟ್. ಮೆಸ್ಕಾಂ ಕರೆಂಟ್ ಇರುವಷ್ಟು ಹೊತ್ತು ರೆಕ್ಟಿಫೈಯರ್ ಅದನ್ನು ಸುಮಾರು 54 ವೋಲ್ಟಿನಲ್ಲಿ ತುಂಬಿಸಿಡುತ್ತದೆ, ಕರೆಂಟ್ ಹೋದ ಕ್ಷಣ ಹೊರೆ ಬ್ಯಾಟರಿಯ ಮೇಲೆ ಬೀಳುತ್ತದೆ. ಊರೆಲ್ಲ ಕತ್ತಲಾಗಿದ್ದರೂ ರಿಸೀವರ್ ಎತ್ತಿದರೆ ಡಯಲ್ ಟೋನ್ ಕೇಳುತ್ತಿದ್ದುದು ಇದೇ ಕಾರಣಕ್ಕೆ. ಹಳ್ಳಿಗೆ ಹೊಂದುವ ಇಂಥ ವ್ಯವಸ್ಥೆಯಲ್ಲಿ ಕರ್ನಾಟಕಕ್ಕೆ ಒಂದು ಪಾಲೂ ಇದೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸ ಶುರು ಮಾಡಿದ್ದು 1986ರಲ್ಲಿ, ಕಿತ್ತೂರಿನಲ್ಲಿ. ಅದಕ್ಕೆ ಏರ್ ಕಂಡೀಷನರ್ ಬೇಡ, ದೊಡ್ಡ ಕಟ್ಟಡ ಬೇಡ. ಸಾಧಾರಣ ಕೋಣೆ, ಬ್ಯಾಟರಿ, ಒಬ್ಬ ತಿಳಿದ ಮನುಷ್ಯ ಇದ್ದರೆ ಸಾಕಿತ್ತು. ಕರೆಂಟ್ ನೆಚ್ಚಿಕೊಳ್ಳಲಾಗದ ದೇಶಕ್ಕೆಂದೇ ಮಾಡಿದ ಯಂತ್ರ ಅದು. ಮಲೆನಾಡಿನ ಒಂಟಿ ಮನೆಗಳಿಗೆ ಎಸ್‌ಟಿಡಿ ತಲುಪಿಸಿದ್ದು ಆ ಪೀಳಿಗೆಯ ಎಕ್ಸ್‌ಚೇಂಜ್‌ಗಳೇ. ಕೊಪ್ಪ–ಶೃಂಗೇರಿಯ 08265, ನರಸಿಂಹರಾಜಪುರದ 08266 ಎಂಬ ಕೋಡ್‌ಗಳು ಈಗಲೂ ಹಳೆಯ ಲೆಟರ್‌ಹೆಡ್‌ಗಳಲ್ಲಿ, ಅಂಗಡಿಯ ಬೋರ್ಡುಗಳಲ್ಲಿ ಉಳಿದಿವೆ.

ಇಂಥ ತಂತಿಯ ತುದಿಗೆ ಮೋಡೆಮ್ ಕೂರಿಸಿ, ಅದರ ಇನ್ನೊಂದು ಬದಿಯನ್ನು ಯುಪಿಎಸ್‌ಗೋ ರೆಕ್ಟಿಫೈಯರ್‌ಗೋ ಜನರೇಟರಿನ ಕಂಟ್ರೋಲರ್‌ಗೋ ಜೋಡಿಸಿದರೆ, ದೂರದ ಕಚೇರಿಯಿಂದ ಆ ನಂಬರಿಗೆ ಫೋನ್ ಮಾಡಿ ಬ್ಯಾಟರಿಯ ಆರೋಗ್ಯ ವಿಚಾರಿಸಬಹುದು. ಕೆಲಸ ಹೇಳಿದಷ್ಟು ಸುಲಭವಲ್ಲ, ಕಷ್ಟವೂ ಅಲ್ಲ, ತಾಳ್ಮೆ ಬೇಡುತ್ತದೆ. 1981ರಲ್ಲಿ ಹೇಯ್ಸ್ ಕಂಪನಿ ತನ್ನ ಸ್ಮಾರ್ಟ್‌ಮೋಡೆಮ್‌ನೊಂದಿಗೆ ತಂದ 'ಎಟಿ' ಆದೇಶಗಳೇ ಇಂದಿಗೂ ಇಂಥ ಮೋಡೆಮ್‌ಗಳ ಭಾಷೆ. ಎಟಿ ಎಂದು ಟೈಪಿಸಿದರೆ 'ಓಕೆ' ಎನ್ನುತ್ತದೆ. ಎಸ್0=1 ಎಂದರೆ ಒಂದು ರಿಂಗಿಗೆ ತಾನೇ ಫೋನ್ ಎತ್ತಿಕೊಳ್ಳುತ್ತದೆ. ಇ0 ಎಂದರೆ ಕೇಳಿದ್ದನ್ನು ಮರಳಿ ಉಸುರುವುದನ್ನು ಬಿಡುತ್ತದೆ, ಕ್ಯೂ1 ಎಂದರೆ 'ರಿಂಗ್', 'ಕನೆಕ್ಟ್' ಎಂದು ಬಾಯಿ ಹಾಕುವುದನ್ನೂ ನಿಲ್ಲಿಸುತ್ತದೆ. ಇವೆರಡನ್ನು ಮರೆತರೆ ಮೋಡೆಮ್ಮಿನ ಮಾತನ್ನು ಆದೇಶವೆಂದು ತಿಳಿದು ಯುಪಿಎಸ್ ಉತ್ತರ ಕೊಡಲು ಹೋಗುತ್ತದೆ, ಅದರ ಉತ್ತರ ಮೋಡೆಮ್ಮಿಗೆ ಅರ್ಥವಾಗುವುದಿಲ್ಲ, ಎರಡೂ ಕೂತು ಹರಟುತ್ತವೆ. &ಡಿ0 ಹಾಕದಿದ್ದರೆ ಇನ್ನೊಂದು ಪೇಚು: ಅಗ್ಗದ ಕಂಟ್ರೋಲರ್‌ಗಳು 'ನಾನು ಸಿದ್ಧ' ಎಂಬ ಸೂಚನೆಯ ತಂತಿಯನ್ನು ಜೋಡಿಸಿಯೇ ಇರುವುದಿಲ್ಲ, ಮೋಡೆಮ್ ಅದಕ್ಕಾಗಿ ಕಾದು ಸಂಪರ್ಕ ಕಡಿದುಬಿಡುತ್ತದೆ. ಹೊರಗೆ ಫೋನ್ ಮಾಡಬೇಕಾದ ಮೋಡೆಮ್ಮಿಗೆ ಎಕ್ಸ್3 ಬೇಕು. ನಮ್ಮ ಡಯಲ್ ಟೋನ್ 400 ಹರ್ಟ್ಸಿನದು, 25 ಹರ್ಟ್ಸಿನಲ್ಲಿ ಏರಿಳಿಯುವಂಥದ್ದು; ಅಮೆರಿಕದ ಟೋನಿಗೆ ಕಿವಿಯಾದ ಮೋಡೆಮ್ ಇದನ್ನು ಟೋನ್ ಎಂದೇ ಒಪ್ಪದೆ 'ಡಯಲ್ ಟೋನ್ ಇಲ್ಲ' ಎಂದು ಹಟ ಹಿಡಿಯುತ್ತದೆ. ಎಕ್ಸ್3 ಕೊಟ್ಟರೆ ಟೋನಿಗೆ ಕಾಯದೆ ನಂಬರ್ ಒತ್ತುತ್ತದೆ. ಕೊನೆಗೆ &ಡಬ್ಲ್ಯು. ಇಷ್ಟೆಲ್ಲ ಹೇಳಿಕೊಟ್ಟದ್ದನ್ನು ಅದು ನೆನಪಿನಲ್ಲಿ ಬರೆದಿಟ್ಟುಕೊಳ್ಳುವುದು ಈ ಆದೇಶಕ್ಕೆ ಮಾತ್ರ. ಇದೊಂದನ್ನು ಬಿಟ್ಟರೆ ಮೊದಲ ಸಲ ಕರೆಂಟ್ ಹೋಗಿ ಬಂದಾಗ ಮೋಡೆಮ್ ಎಲ್ಲ ಮರೆತು ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ ಎದ್ದು ಕೂರುತ್ತದೆ.

ವೇಗದ ವಿಷಯದಲ್ಲಿ ಆಸೆ ಪಡಬಾರದು. ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 56 ಸಾವಿರ ಬಿಟ್ ಎಂದು ಬರೆದಿದ್ದರೂ, ಜಾಯಿಂಟಿನಲ್ಲಿ ನೀರು ಕೂತ ಮಲೆನಾಡಿನ ಲೈನಿನಲ್ಲಿ 2,400ಕ್ಕೋ 9,600ಕ್ಕೋ ಕಟ್ಟಿಹಾಕಿದ ಮೋಡೆಮ್ಮೇ ಬಾಳುವುದು. ವೋಲ್ಟು, ಆಂಪಿಯರ್, ಉಷ್ಣಾಂಶ, ಡೀಸೆಲ್ ಮಟ್ಟ ಇಷ್ಟನ್ನು ಹೇಳಲು ನೂರಿನ್ನೂರು ಅಕ್ಷರ ಸಾಕು. ವೇಗ ಹೆಚ್ಚಿಸುವ ಜಾಣತನವೇ ಕೆಲವೊಮ್ಮೆ ಮುಳುವಾಗುತ್ತದೆ. ಜನರೇಟರ್ ಕಂಟ್ರೋಲರ್‌ಗಳು ಬಹುಮಟ್ಟಿಗೆ 1979ರಲ್ಲಿ ಬಂದ ಮಾಡ್‌ಬಸ್ ಎಂಬ ಪದ್ಧತಿಯಲ್ಲಿ ಮಾತಾಡುತ್ತವೆ. ಅದರಲ್ಲಿ ಒಂದು ವಾಕ್ಯ ಮುಗಿಯಿತೆಂದು ತಿಳಿಯುವುದು ಮೌನದಿಂದ. ಮೂರೂವರೆ ಅಕ್ಷರದಷ್ಟು ಹೊತ್ತು, 9,600ರ ವೇಗದಲ್ಲಿ ಸುಮಾರು 4 ಮಿಲಿಸೆಕೆಂಡ್. ಮೋಡೆಮ್ ತನ್ನ ತಪ್ಪು ತಿದ್ದುವ, ಒತ್ತಿ ಸಣ್ಣದು ಮಾಡುವ ಉಪಕಾರಕ್ಕೆ ಇಳಿದು ಅಕ್ಷರಗಳನ್ನು ಕಂತುಕಂತಾಗಿ ಕಳಿಸಿದರೆ ನಡುವೆ ಇಲ್ಲದ ಮೌನ ಹುಟ್ಟುತ್ತದೆ, ಕಂಟ್ರೋಲರ್ ಅರ್ಧ ವಾಕ್ಯವನ್ನೇ ಪೂರ್ತಿ ಎಂದು ಬಗೆದು ಕಸಕ್ಕೆ ಹಾಕುತ್ತದೆ. ಹಾಗಾಗಿ ಆ ಎರಡೂ ಸೌಲಭ್ಯಗಳನ್ನು ಆಫ್ ಮಾಡಬೇಕು. ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್ ಕಾಲದಲ್ಲಿ 172ರಿಂದ ಶುರುವಾಗುವ ನಂಬರಿಗೆ ಡಯಲ್ ಮಾಡಿ ಇಂಟರ್ನೆಟ್ ನೋಡಿದವರಿಗೆ ಇದು ತಲೆಕೆಳಗು ಅನ್ನಿಸಬಹುದು. ಅಲ್ಲಿ ವೇಗಕ್ಕೆ ಬೆಲೆ. ಇಲ್ಲಿ ನಿಧಾನವಾದರೂ ಮಾತು ತಪ್ಪದಿರುವುದಕ್ಕೆ.

ಆದರೆ ಇಷ್ಟನ್ನೂ ಶ್ರದ್ಧೆಯಿಂದ ಮಾಡಿದ ಕಡೆಯಲ್ಲೇ ಇಡೀ ವ್ಯವಸ್ಥೆಯನ್ನು ಕೆಡಿಸಬಲ್ಲ ಒಂದು ವಸ್ತು ಉಳಿದುಬಿಡುತ್ತದೆ: ಮೋಡೆಮ್ಮಿನ ಅಡಾಪ್ಟರ್. ಪೆಟ್ಟಿಗೆಯಲ್ಲಿ ಬರುವ ಆ ಕಪ್ಪು ಇಟ್ಟಿಗೆಯಂಥದ್ದನ್ನು ಗೋಡೆಯ 230 ವೋಲ್ಟಿನ ಸಾಕೆಟ್ಟಿಗೆ ಸಿಕ್ಕಿಸುವುದು ಎಲ್ಲರಿಗೂ ಅಭ್ಯಾಸ. ಸಾಕೆಟ್ ಮೆಸ್ಕಾಂ ಲೈನಿನದು. ಕರೆಂಟ್ ಹೋಯಿತು, ಎಕ್ಸ್‌ಚೇಂಜ್ ಬ್ಯಾಟರಿಯ ಮೇಲೆ ಆರಾಮವಾಗಿ ನಡೆಯುತ್ತಿದೆ, ಟೆಲಿಫೋನ್ ಲೈನಿನಲ್ಲಿ ಟೋನ್ ಇದೆ, ಯುಪಿಎಸ್ ತನ್ನ ಸಂಕಟ ಹೇಳಲು ಸಿದ್ಧವಾಗಿದೆ, ಆದರೆ ಹೇಳಬೇಕಾದ ಮೋಡೆಮ್ ಎಲ್ಲರಿಗಿಂತ ಮೊದಲು ಕಣ್ಣು ಮುಚ್ಚಿದೆ. ಬಿಸಿಲುಗಾಲದಲ್ಲಿ ಪರೀಕ್ಷೆ ಮಾಡಿದವರಿಗೆ ಇದು ಗೊತ್ತಾಗುವುದಿಲ್ಲ, ಏಕೆಂದರೆ ಪರೀಕ್ಷೆಯ ಹೊತ್ತಿಗೆ ಕರೆಂಟ್ ಇರುತ್ತದೆ. ಇದಕ್ಕೆ ಪರಿಹಾರ ದುಬಾರಿಯದೇನಲ್ಲ. 48 ವೋಲ್ಟಿನ ಬ್ಯಾಟರಿಯಿಂದಲೇ ಮೋಡೆಮ್ಮಿಗೆ ಬೇಕಾದ 9 ಅಥವಾ 12 ವೋಲ್ಟ್ ಇಳಿಸಿಕೊಡುವ ಸಣ್ಣ ಕನ್ವರ್ಟರ್ ಒಂದನ್ನು ಹಾಕಬೇಕು. ಅದನ್ನೂ, ಬ್ಯಾಟರಿ ತೀರ ಇಳಿದಾಗ ಹೊರೆಯನ್ನು ಕಡಿದುಹಾಕುವ ಸ್ವಿಚ್ಚಿನ ಆಚೆಗಲ್ಲ, ಈಚೆಗೆ, ಅಂದರೆ ಬ್ಯಾಟರಿಯ ಕಡೆಗೆ ಜೋಡಿಸಬೇಕು. ಎಲ್ಲ ಆರಿದ ಮೇಲೂ ಆರಿದೆ ಎಂದು ಹೇಳಲು ಮೋಡೆಮ್ಮಿಗೆ ಬೇಕಾದ ಕೆಲವೇ ವಾಟ್ ಆ ಬ್ಯಾಟರಿಯಲ್ಲಿ ಉಳಿದಿರುತ್ತದೆ. ನನ್ನ ಇಡೀ ವಾದವನ್ನು ಈ ಅಡಾಪ್ಟರಿನ ಮೇಲೆ ನಿಲ್ಲಿಸಬಹುದು. ಉಪಕರಣ ಎಷ್ಟು ಹೊಸದು, ಎಷ್ಟು ವೇಗದ್ದು ಎಂಬುದಕ್ಕಿಂತ ಅದು ಯಾರ ಕರೆಂಟ್ ತಿನ್ನುತ್ತಿದೆ ಎಂಬ ಪ್ರಶ್ನೆ ದೊಡ್ಡದು.

ಇನ್ನು ಆ ಮೋಡೆಮ್ ಏನನ್ನು ಹೇಳಬೇಕು? ಕರೆಂಟ್ ಹೋಗಿದೆ ಎಂಬುದನ್ನಲ್ಲ. ಅದು ಹೋಗಿಯೇ ಇರುತ್ತದೆ. ಬ್ಯಾಟರಿ ಎಷ್ಟು ಹೊತ್ತು ತಡೆದೀತು ಎಂಬುದನ್ನು ಹೇಳಬೇಕು. ಇಲ್ಲಿ ಬ್ಯಾಟರಿಯ ಒಂದು ಮೋಸವನ್ನು ತಿಳಿದಿರಬೇಕು. ರೆಕ್ಟಿಫೈಯರ್ ಚಾರ್ಜ್ ಮಾಡುತ್ತಿರುವಾಗ ನೋಡಿದರೆ ಹೊಸ ಬ್ಯಾಟರಿಯೂ 54 ವೋಲ್ಟ್ ತೋರಿಸುತ್ತದೆ, ಸತ್ತುಹೋಗುತ್ತಿರುವ ಬ್ಯಾಟರಿಯೂ 54 ವೋಲ್ಟ್ ತೋರಿಸುತ್ತದೆ. ಆ ಅಂಕಿ ರೆಕ್ಟಿಫೈಯರಿನದು, ಬ್ಯಾಟರಿಯದಲ್ಲ. ಬ್ಯಾಟರಿಯ ನಿಜವಾದ ಮುಖ ಕಾಣುವುದು ಹೊರೆ ಬಿದ್ದಾಗ. ಆರೋಗ್ಯವಾಗಿದ್ದರೆ ಚಾರ್ಜ್ ಮಾಡುವುದು ನಿಂತೊಡನೆ ತುಸು ಕುಸಿದು, ಆಮೇಲೆ ಗಂಟೆಗಟ್ಟಲೆ ನಿಧಾನವಾಗಿ ಇಳಿಯುತ್ತ 44ರ ಸುಮಾರಿಗೆ ಬರುತ್ತದೆ, ಅಲ್ಲಿಗೆ ಸ್ವಿಚ್ ಕಡಿಯುತ್ತದೆ. ಒಂದೋ ಎರಡೋ ಸೆಲ್ ಕೆಟ್ಟಿದ್ದರೆ ಮೆಟ್ಟಿಲಿಂದ ಜಾರಿದಂತೆ ಇಳಿಯುತ್ತದೆ. ಹೀಗಿರುವಾಗ ದೂರದಿಂದ ತಿಳಿಯಬೇಕಾದದ್ದು ಈ ಕ್ಷಣದ ವೋಲ್ಟೇಜ್ ಅಲ್ಲ. ಕರೆಂಟ್ ಹೋದ ಮೇಲೆ 48ಕ್ಕೆ ಇಳಿಯಲು ಎಷ್ಟು ನಿಮಿಷ ಹಿಡಿಯಿತು, ಹೋದ ತಿಂಗಳು ಎಷ್ಟು ಹಿಡಿದಿತ್ತು ಎಂಬುದು. ಮಲೆನಾಡಿನಲ್ಲಿ ಕರೆಂಟ್ ಪದೇಪದೇ ಹೋಗುವುದರಿಂದ ಈ ಲೆಕ್ಕ ಪುಕ್ಕಟೆಯಾಗಿ ಸಿಗುತ್ತದೆ. ಬೇರೆ ಕಡೆ ಇದಕ್ಕಾಗಿಯೇ ಪರೀಕ್ಷೆ ಏರ್ಪಡಿಸಬೇಕು. ಏಪ್ರಿಲ್‌ನ ಗುಡುಗು ಮಳೆಯಲ್ಲಿ ಬಂದ ನಾಲ್ಕಾರು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಜುಲೈಯಲ್ಲಿ ಯಾವ ಟವರ್ ಮೊದಲು ಮಲಗುತ್ತದೆ ಎಂದು ಮೇ ತಿಂಗಳಲ್ಲೇ ಹೇಳಬಹುದು. ಜನರೇಟರಿನದೂ ಹೀಗೇ. ಅದು ಸ್ಟಾರ್ಟ್ ಆಗದಿದ್ದರೆ ಮೊದಲು ಅನುಮಾನಿಸಬೇಕಾದ್ದು ಅದರ ಸ್ವಂತ 12 ವೋಲ್ಟಿನ ಬ್ಯಾಟರಿಯನ್ನು. ಓಡಿದ ಗಂಟೆಗೂ ಖರ್ಚಾದ ಡೀಸೆಲ್ಲಿಗೂ ತಾಳೆ ಬರುತ್ತಿದೆಯೇ ಎಂದು ನೋಡಿದರೆ ಟ್ಯಾಂಕಿನಿಂದ ಡೀಸೆಲ್ ಬೇರೆ ಯಾವ ದಾರಿ ಹಿಡಿಯುತ್ತಿದೆ ಎಂಬುದೂ ತಿಳಿಯುತ್ತದೆ. ಅದನ್ನು ಹೇಳುವ ಮೋಡೆಮ್ ಕೆಲವರಿಗೆ ಹಿಡಿಸದಿದ್ದರೆ ಆಶ್ಚರ್ಯವಿಲ್ಲ. ಇದೆಲ್ಲಕ್ಕಿಂತ ಮುಖ್ಯವಾದದ್ದು ದಿನದ ಹಾಜರಿ. ಪ್ರತಿ ಬೆಳಗ್ಗೆ ಗೊತ್ತಾದ ಹೊತ್ತಿಗೆ ಮೋಡೆಮ್ ತಾನಾಗಿ ಫೋನ್ ಮಾಡಿ 'ಎಲ್ಲ ಸರಿ' ಎನ್ನಬೇಕು. ಅಪಾಯವಾದಾಗ ಮಾತ್ರ ಕೂಗುವ ಯಂತ್ರ ಸುಮ್ಮನಿದ್ದರೆ ಅದು ನೆಮ್ಮದಿಯಿಂದಿದೆಯೋ ಸತ್ತಿದೆಯೋ ತಿಳಿಯದು. ದಿನವೂ ಹಾಜರಿ ಹಾಕುವ ಯಂತ್ರ ಒಂದು ದಿನ ಹಾಕದಿದ್ದರೆ ಅದೇ ಒಂದು ಸುದ್ದಿ.

ಹಿಂದೆ ಇದೆಲ್ಲವನ್ನೂ ಮನುಷ್ಯರು ಮಾಡುತ್ತಿದ್ದರು. ಎಕ್ಸ್‌ಚೇಂಜಿಗೆ ಹೊಂದಿಕೊಂಡಂತೆ ಒಬ್ಬ ಟೆಕ್ನಿಷಿಯನ್, ಲೈನ್‌ಮನ್ ಇರುತ್ತಿದ್ದರು. ಹೈಡ್ರೋಮೀಟರ್ ಅದ್ದಿ ಆಸಿಡ್ ನೋಡಿ, ಡಿಸ್ಟಿಲ್ಡ್ ವಾಟರ್ ಹಾಕಿ, ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಜನರೇಟರಿನ ಸದ್ದು ಬದಲಾದರೆ ಕಿವಿಯಲ್ಲೇ ಹಿಡಿಯುತ್ತಿದ್ದರು. 2000ದ ಅಕ್ಟೋಬರಿನಲ್ಲಿ ದೂರಸಂಪರ್ಕ ಇಲಾಖೆಯ ಸೇವೆಗಳು ಬಿಎಸ್‌ಎನ್‌ಎಲ್ ಆದ ಮೇಲೂ ಈ ಪದ್ಧತಿ ನಡೆದುಕೊಂಡು ಬಂತು. 2020ರ ಜನವರಿ 31ರಂದು ಸ್ವಯಂ ನಿವೃತ್ತಿ ಯೋಜನೆಯಡಿ ದೇಶದಾದ್ಯಂತ ಬಿಎಸ್‌ಎನ್‌ಎಲ್‌ನ 78 ಸಾವಿರಕ್ಕೂ ಹೆಚ್ಚು ನೌಕರರು ಒಂದೇ ದಿನ ಕೆಲಸದಿಂದ ಇಳಿದರು. ಇದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ. ಸಂಬಳದ ಹೊರೆಯ ಲೆಕ್ಕದಲ್ಲಿ ಆ ನಿರ್ಧಾರಕ್ಕೆ ಸಮರ್ಥನೆ ಇರಬಹುದು, ಅದನ್ನಿಲ್ಲಿ ತರ್ಕಿಸುತ್ತಿಲ್ಲ. ಆದರೆ ಹೋದವರೊಂದಿಗೆ ಹೋದದ್ದು ಬರೀ ಕೈಗಳಲ್ಲ, ಯಾವ ಬ್ಯಾಟರಿ ಎಂಥದ್ದು ಎಂಬ ತಿಳಿವಳಿಕೆ ಕೂಡ. ಖಾಸಗಿ ಕಂಪನಿಗಳ ಟವರ್‌ಗಳ ಬಳಿಯಂತೂ ಹೀಗೆ ಕಾಯಂ ನೆಲೆಸಿದವರು ಮೊದಲಿಂದಲೂ ಇಲ್ಲ. ಮನುಷ್ಯ ಇಲ್ಲದ ಕಡೆ ಯಂತ್ರ ಹಾಜರಿ ಹಾಕಬೇಕಾದ ಅಗತ್ಯ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ನಡೆದದ್ದು ಇದರ ತದ್ವಿರುದ್ಧ: ಆಳು ಕಡಿಮೆಯಾದ ಕಾಲದಲ್ಲೇ ತಾಮ್ರದ ಲೈನೂ ಕಳಚಿಕೊಳ್ಳುತ್ತ ಬಂತು.

ಇದಕ್ಕೆ ಮೊದಲು ಬರುವ ಆಕ್ಷೇಪ ಗೊತ್ತಿರುವುದೇ. ಈಗ ಯಾರು ಡಯಲಪ್ ಹಾಕುತ್ತಾರೆ, ಒಂದು ಸಿಮ್ ಹಾಕಿದ ಪೆಟ್ಟಿಗೆ ಇಟ್ಟರೆ ಮೆಸೇಜ್ ಬರುವುದಿಲ್ಲವೇ? ಬರುತ್ತದೆ. ತೋಟಕ್ಕೆ ನೀರು ಬಿಡಲು ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡ ಅಡಿಕೆ ಬೆಳೆಗಾರರಿಗೆ ಇದರ ರುಚಿ ಗೊತ್ತು. ಮನೆಯಲ್ಲಿ ಕೂತು ಫೋನ್ ಮಾಡಿದರೆ ಹಳ್ಳದ ಬದಿಯ ಪಂಪು ಓಡುತ್ತದೆ, ಕರೆಂಟ್ ಬಂದರೆ ಹೋದರೆ ತಿಳಿಸುತ್ತದೆ. ಅದರೊಳಗೆ ಕೂತಿರುವ ಜಿಎಸ್‌ಎಂ ಮೋಡೆಮ್ ಕೂಡ ಹಳೆಯ ಎಟಿ ಆದೇಶಗಳಿಗೇ ಓಗೊಡುತ್ತದೆ. ಬೇಸಿಗೆಯ ಪಂಪಿಗೆ ಅದು ಹೇಳಿ ಮಾಡಿಸಿದ್ದು. ಆದರೆ ಟವರಿನ ಬ್ಯಾಟರಿಯನ್ನು ಕಾಯಲು ಅದೇ ಟವರಿನ ಸಿಗ್ನಲ್ ನೆಚ್ಚಿಕೊಂಡ ಸಿಮ್ ಇಟ್ಟರೆ, ಬ್ಯಾಟರಿ ಮುಗಿದ ಸುದ್ದಿ ಬ್ಯಾಟರಿಯ ಜೊತೆಗೇ ಮುಗಿಯುತ್ತದೆ. ಎರಡು ಕಂಪನಿಗಳ ಎರಡು ಸಿಮ್ ಇಡೋಣ ಎಂಬುದು ಇದಕ್ಕೆ ಸಾಮಾನ್ಯ ಉತ್ತರ. ಬಯಲುಸೀಮೆಯ ಪೇಟೆಯಲ್ಲಿ ಅದು ನಡೆದೀತು. ಗುಡ್ಡಗಾಡಿನಲ್ಲಿ ಒಂದೇ ಟವರಿನ ಕಬ್ಬಿಣಕ್ಕೆ ಎರಡು ಮೂರು ಕಂಪನಿಗಳು ಆಂಟೆನಾ ಕಟ್ಟಿ ಬುಡದ ಬ್ಯಾಟರಿ, ಡೀಸೆಲ್ಲನ್ನು ಹಂಚಿಕೊಳ್ಳುವ ಪದ್ಧತಿ ಇದೆ. ಬೇರೆ ಬೇರೆ ಟವರೇ ಇದ್ದರೂ ಎರಡಕ್ಕೂ ಕರೆಂಟ್ ಕೊಡುವ ಫೀಡರ್ ಒಂದೇ ಇರಬಹುದು. ಸಿಮ್ ಎರಡು, ಸಾವು ಒಂದೇ.

ಫೈಬರ್ ಇದೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಕೊರೊನಾ ಕಾಲದಲ್ಲಿ ಬೆಂಗಳೂರಿನಿಂದ ಊರಿಗೆ ಮರಳಿದ ಮಕ್ಕಳು ಮನೆಯಿಂದಲೇ ಕೆಲಸ ಮಾಡತೊಡಗಿದ ಮೇಲೆ ಮಲೆನಾಡಿನ ಹಳ್ಳಿಗಳಿಗೂ ಫೈಬರ್ ಬಂದಿದೆ, ಅದರಿಂದ ಉಪಕಾರವಾಗಿದೆ. ಗಾಜಿನ ಎಳೆಗೆ ಸಿಡಿಲಿನ ಭಯ ಕಡಿಮೆ, ನೀರು ಕೂತರೆ ಗೊರಗೊರ ಸದ್ದಿಲ್ಲ. ಆದರೆ ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ತುದಿಯ ಪೆಟ್ಟಿಗೆಗೆ ಅಲ್ಲಲ್ಲೇ ವಿದ್ಯುತ್ ಬೇಕು. ಅದಕ್ಕೇ ಇಲ್ಲಿನ ಮನೆಗಳಲ್ಲಿ ಅದನ್ನು ಇನ್ವರ್ಟರ್ ಲೈನಿಗೆ ಹಾಕಿಕೊಂಡಿರುತ್ತಾರೆ. ಈ ಕೊರತೆ ಫೈಬರ್ ರೂಪಿಸಿದವರಿಗೂ ಗೊತ್ತು. ಮನೆಯ ಪೆಟ್ಟಿಗೆಯ ಕರೆಂಟ್ ಹೋದಾಗ ಅದರ ಕೆಪಾಸಿಟರಿನಲ್ಲಿ ಉಳಿದ ಕ್ಷಣಮಾತ್ರದ ಶಕ್ತಿಯಿಂದ 'ನಾನು ಹೋಗುತ್ತಿದ್ದೇನೆ' ಎಂಬ ಕೊನೆಯ ಸಂದೇಶ ಕಳಿಸುವ ಏರ್ಪಾಡು ಅದರ ಮಾನದಂಡದಲ್ಲೇ ಇದೆ. ಸುದ್ದಿಗೆ ಬೇರೆ ಶಕ್ತಿ ಬೇಕು ಎಂಬುದನ್ನು ಒಪ್ಪಿಕೊಂಡಂತೆಯೇ ಆಯಿತು ಇದು. ಆದರೆ ಒಂದು ಕ್ಷಣದ ಆ ಸಂದೇಶವನ್ನು ಕೇಳಿಸಿಕೊಳ್ಳಲು ಎಕ್ಸ್‌ಚೇಂಜಿನ ಕಡೆಯ ಯಂತ್ರ ಎದ್ದಿರಬೇಕು, ಬ್ಯಾಟರಿ ಎಷ್ಟು ಉಳಿದಿದೆ ಎಂದು ಆಮೇಲೆ ವಿಚಾರಿಸಲು ಆಗುವುದೂ ಇಲ್ಲ.

ಮೂರನೆಯ ಆಕ್ಷೇಪ ನಿಜಕ್ಕೂ ಗಟ್ಟಿಯಾದದ್ದು. ತಾಮ್ರದ ತಂತಿ ಏನು ಅಮರವೇ? ಕರೆಂಟ್ ಲೈನಿನ ಮೇಲೆ ಬಿದ್ದ ಮರ ಟೆಲಿಫೋನ್ ಲೈನಿನ ಮೇಲೂ ಬೀಳುತ್ತದೆ. ನೆಲದೊಳಗಿನ ಕೇಬಲ್ಲನ್ನು ರಸ್ತೆ ಅಗಲ ಮಾಡುವ ಜೆಸಿಬಿ ಕಡಿಯುತ್ತದೆ. ಸಿಡಿಲು ತಂತಿಯಗುಂಟ ಬಂದು ಮೋಡೆಮ್ ಸುಡುತ್ತದೆ. ಗುಡುಗು ಶುರುವಾದೊಡನೆ ಫೋನಿನ ವಯರ್ ಕಿತ್ತಿಡುವುದು ಮಲೆನಾಡಿನ ಮನೆಗಳ ಹಳೆಯ ರೂಢಿ. ಎಕ್ಸ್‌ಚೇಂಜಿನ ಬ್ಯಾಟರಿಯೂ ಮುಗಿಯಬಹುದು, ಆಗ ಟೋನ್ ಕೂಡ ಇರದು. ಎಲ್ಲ ನಿಜ. ತಾಮ್ರ ಕೆಡುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದು ಕೆಡುವ ಕಾರಣವೂ ಕೆಡುವ ಹೊತ್ತೂ ಟವರ್ ಕೆಡುವ ಕಾರಣ, ಹೊತ್ತಿಗಿಂತ ಬೇರೆ. ಎರಡು ದಾರಿಗಳಲ್ಲಿ ಒಂದೊಂದೂ ಆಗಾಗ ಕೆಡುತ್ತಿರಬಹುದು. ಬೇರೆ ಬೇರೆ ಕಾರಣಕ್ಕೆ ಕೆಡುವುದಾದರೆ ಎರಡೂ ಒಟ್ಟಿಗೆ ಕೆಡುವುದು ಅಪರೂಪ. ಒಂದೇ ಕಾರಣಕ್ಕೆ ಕೆಡುವುದಾದರೆ ನಾಲ್ಕು ದಾರಿ ಇದ್ದರೂ ಪ್ರಯೋಜನವಿಲ್ಲ. ವಿದ್ಯುತ್ ಇಲಾಖೆಯವರಿಗೆ ಇದು ಹೊಸ ಪಾಠವಲ್ಲ. ಹೈಟೆನ್ಷನ್ ಲೈನಿನ ಮೇಲೆಯೇ ಮಾತನ್ನೂ ಅಳತೆಯನ್ನೂ ಕಳಿಸುವ ಕ್ಯಾರಿಯರ್ ಪದ್ಧತಿಯನ್ನು ಅವರು ದಶಕಗಳ ಹಿಂದೆಯೇ ಅಳವಡಿಸಿಕೊಂಡಿದ್ದರು. ಸಬ್‌ಸ್ಟೇಷನ್ನಿನ ಬ್ಯಾಟರಿಯಿಂದ ನಡೆಯುವ ಅದು ಊರಿನ ಟೆಲಿಫೋನನ್ನು ನೆಚ್ಚಿಕೊಂಡಿರಲಿಲ್ಲ. ಸಿಡಿಲಿಗೆ ಮಾತ್ರ ಉಪಾಯ ಮಾಡಲೇಬೇಕು: ಲೈನ್ ಒಳಬರುವಲ್ಲಿ ಗ್ಯಾಸ್ ಟ್ಯೂಬಿನ ಅರೆಸ್ಟರ್, ಒಳ್ಳೆಯ ಅರ್ಥಿಂಗ್. ಇಷ್ಟಾಗಿಯೂ ವರ್ಷಕ್ಕೊಂದು ಮೋಡೆಮ್ ಸುಟ್ಟರೆ ಇನ್ನೊಂದನ್ನು ಕಪಾಟಿನಲ್ಲಿ ಇಟ್ಟಿರಬೇಕು, ಅದಕ್ಕೂ &ಡಬ್ಲ್ಯು ಕೊಟ್ಟಿರಬೇಕು.

ತಾನಾಗಿ ಫೋನ್ ಎತ್ತುವ ಮೋಡೆಮ್ ಕಳ್ಳನಿಗೂ ಎತ್ತುತ್ತದೆ ಎಂಬ ಎಚ್ಚರಿಕೆಯನ್ನೂ ತಳ್ಳಿಹಾಕುವಂತಿಲ್ಲ. ಸಾಲಾಗಿ ನಂಬರ್‌ಗಳಿಗೆ ಡಯಲ್ ಮಾಡುತ್ತ ಮೋಡೆಮ್ ಸಿಕ್ಕುವವರೆಗೆ ಹುಡುಕುವ ಚಟವನ್ನು 1983ರ 'ವಾರ್‌ಗೇಮ್ಸ್' ಸಿನಿಮಾ ಜಗತ್ತಿಗೆಲ್ಲ ತೋರಿಸಿಬಿಟ್ಟಿದೆ. ಉತ್ತರ ಸರಳ: ಆ ಮೋಡೆಮ್ ಓದಿ ಹೇಳಲಿ, ಆಳುವುದು ಬೇಡ. ಜನರೇಟರ್ ಆಫ್ ಮಾಡುವ ಅಧಿಕಾರ ಅದಕ್ಕೆ ಕೊಡಬಾರದು. ಇನ್ನೂ ಭಯವಿದ್ದರೆ ಎಸ್0=0 ಎಂದು ಕೊಟ್ಟು, ತಾನೇ ಒಂದೇ ನಂಬರಿಗೆ ಹೊರಗೆ ಫೋನ್ ಮಾಡುವುದಷ್ಟನ್ನೇ ಅದಕ್ಕೆ ಬಿಡಬೇಕು.

ಇಷ್ಟೆಲ್ಲ ತಿಳಿದು ಮಾಡುವುದೇನು, ಡೀಸೆಲ್ ಕ್ಯಾನ್ ಹೊತ್ತುಕೊಂಡು ಕೆರೆಕಟ್ಟೆಯ ಘಾಟಿ ಹತ್ತುವವರು ಯಾರು ಎಂದು ಕೇಳಬಹುದು. ಹೊತ್ತಿಗೆ ಸರಿಯಾಗಿ ತಿಳಿದರೆ ಹತ್ತುವವರನ್ನು ಎಲ್ಲಿಗೆ ಕಳಿಸಬೇಕೆಂದಾದರೂ ಗೊತ್ತಾಗುತ್ತದೆ. ಇರುವ ಒಂದು ಜೀಪು ಬಾಳೆಹೊನ್ನೂರಿನ ಕಡೆಗೋ ಕಿಗ್ಗದ ಕಡೆಗೋ ಎಂದು ತೀರ್ಮಾನಿಸುವುದಕ್ಕೆ ಯಾವ ಬ್ಯಾಟರಿಗೆ ಎರಡು ಗಂಟೆ ಉಳಿದಿದೆ, ಯಾವುದಕ್ಕೆ ಹತ್ತು ಎಂಬ ಅಂಕಿ ಬೇಕು. ಅದು ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಹೊರಗಿನ ಒಂದು ನಿದರ್ಶನ ಚೆನ್ನಾಗಿ ದಾಖಲಾಗಿದೆ. 2015ರ ಡಿಸೆಂಬರ್ 5ರ ರಾತ್ರಿ ಡೆಸ್ಮಂಡ್ ಬಿರುಗಾಳಿಯ ನೆರೆ ಇಂಗ್ಲೆಂಡಿನ ಲ್ಯಾಂಕಾಸ್ಟರ್ ನಗರದ ಸಬ್‌ಸ್ಟೇಷನ್ನಿಗೆ ನುಗ್ಗಿ, ಸುಮಾರು 61 ಸಾವಿರ ಮನೆ–ಕಟ್ಟಡಗಳಿಗೆ ಕರೆಂಟ್ ನಿಂತಿತು. ಹೆಚ್ಚಿನ ಮೊಬೈಲ್ ಟವರ್‌ಗಳು ಗಂಟೆ ಕಳೆಯುವುದರೊಳಗೆ ಸತ್ತವು. ಗೋಡೆಗೆ ನೇರ ತಂತಿಯಿದ್ದ ಹಳೆಯ ಫೋನ್‌ಗಳು ನಡೆದವು; ಕಾರ್ಡ್‌ಲೆಸ್ ಫೋನ್‌ಗಳು ಮನೆಯ ಪ್ಲಗ್ಗನ್ನೇ ನೆಚ್ಚಿದ್ದರಿಂದ ಲೈನ್ ಜೀವಂತವಿದ್ದರೂ ಮೂಕವಾದವು. ಮತ್ತೆ ಅದೇ ಅಡಾಪ್ಟರಿನ ಕಥೆ. ಆ ದೇಶ ಈಗ ತಾಮ್ರದ ಟೆಲಿಫೋನ್ ಜಾಲವನ್ನೇ ಮುಚ್ಚುತ್ತಿದೆ. ಗಡುವನ್ನು 2027ರ ಜನವರಿಗೆ ಮುಂದೂಡಬೇಕಾಗಿ ಬಂದದ್ದಕ್ಕೆ ಒಂದು ಕಾರಣ, ವೃದ್ಧರ ಮನೆಗಳಲ್ಲಿ ಆ ಲೈನನ್ನೇ ನೆಚ್ಚಿಕೊಂಡಿದ್ದ ತುರ್ತು ಕರೆಯ ಸಾಧನಗಳು. ಅಮೆರಿಕದಲ್ಲಿ 2005ರ ಕತ್ರೀನಾ ಚಂಡಮಾರುತದ ನಂತರ ಪ್ರತಿ ಟವರಿಗೂ 8 ಗಂಟೆಯ ಬ್ಯಾಕಪ್ ಕಡ್ಡಾಯ ಮಾಡಹೊರಟ ನಿಯಮ ಕಂಪನಿಗಳ ವಿರೋಧದ ನಡುವೆ ಜಾರಿಗೇ ಬರಲಿಲ್ಲ. ಕಾಳ್ಗಿಚ್ಚಿನ ಏಟು ತಿಂದ ಕ್ಯಾಲಿಫೋರ್ನಿಯಾ ಮಾತ್ರ 2020ರಲ್ಲಿ ಬೆಂಕಿಯ ಅಪಾಯ ಹೆಚ್ಚಿರುವ ಪ್ರದೇಶಗಳಿಗೆ 72 ಗಂಟೆ ಎಂದು ಆದೇಶಿಸಿತು.

ನಮ್ಮಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ಹೊಸ ಗುಣಮಟ್ಟ ನಿಯಮಾವಳಿ ತಂದಿದೆ. ಒಂದು ಜಿಲ್ಲೆಯಲ್ಲಿ ಸೇವೆ 4 ಗಂಟೆಗಿಂತ ಹೆಚ್ಚು ನಿಂತರೆ ಕಂಪನಿ ವರದಿ ಮಾಡಬೇಕು, 24 ಗಂಟೆ ಮೀರಿದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು. ಒಳ್ಳೆಯದೇ. ಆದರೆ ಅಳತೆಯ ಘಟಕ ಜಿಲ್ಲೆ. ಚಿಕ್ಕಮಗಳೂರು ಪೇಟೆಯಲ್ಲೂ ಕಡೂರಿನ ಬಯಲಿನಲ್ಲೂ ಫೋನ್ ನಡೆಯುತ್ತಿದ್ದರೆ, ಶೃಂಗೇರಿ ತಾಲ್ಲೂಕಿನ ಒಂದು ಕಣಿವೆ ಮೂರು ದಿನ ಮೂಕವಾಗಿದ್ದರೂ ಆ ಲೆಕ್ಕದಲ್ಲಿ ಅದು ಕಾಣುವುದು ಕಷ್ಟ. 2022ರ ಜುಲೈಯಲ್ಲಿ ಕೇಂದ್ರ ಸಂಪುಟ 26,316 ಕೋಟಿ ರೂಪಾಯಿಯಲ್ಲಿ, ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಂಥ ಯೋಜನೆಗಳಲ್ಲಿ ನಿಲ್ಲಿಸಿದ ಟವರುಗಳ ಎಣಿಕೆ ನಡೆಯುತ್ತದೆ, ಉದ್ಘಾಟನೆಯೂ ನಡೆಯುತ್ತದೆ. ಆಷಾಢದಲ್ಲಿ ನಿಂತಿದ್ದ ಗಂಟೆಗಳ ಎಣಿಕೆ ಬೇಕಾದರೆ ಪ್ರತಿ ಟವರಿನ ಬುಡದಲ್ಲಿ ತಾನು ಸತ್ತದ್ದನ್ನು ತಾನೇ ಹೇಳಬಲ್ಲ ಏನಾದರೊಂದು ಇರಬೇಕಾಗುತ್ತದೆ.

ಅದು ತಾಮ್ರದ್ದೇ ಆಗಿರಬೇಕೆಂಬ ಹಟವೇನೂ ಬೇಡ. ಕೊಪ್ಪ, ನರಸಿಂಹರಾಜಪುರದಂಥ ತಾಲ್ಲೂಕು ಕೇಂದ್ರಗಳಲ್ಲಿ, ಬಾಳೆಹೊನ್ನೂರು, ಹರಿಹರಪುರ, ಜಯಪುರದಂಥ ಪೇಟೆಗಳಲ್ಲಿ ತಾಮ್ರದ ಜೋಡಿ ಇನ್ನೂ ಜೀವಂತವಿದ್ದರೆ ಅದನ್ನು ಈ ಒಂದು ಕೆಲಸಕ್ಕೆ ಕಾದಿರಿಸುವುದು ಅಗ್ಗದ ದಾರಿ. ತಾಮ್ರ ಹೋದ ಕಡೆ ಗುಡ್ಡದಿಂದ ಗುಡ್ಡಕ್ಕೆ ಮಾತಾಡುವ ವಿಎಚ್‌ಎಫ್ ರೇಡಿಯೊ ಇದೆ, ನಾಲ್ಕು ಅಕ್ಷರ ಕಳಿಸಿ ಸುಮ್ಮನಾಗುವ ಉಪಗ್ರಹ ಸಾಧನಗಳಿವೆ. ಯಾವುದನ್ನೇ ಹಾಕಿದರೂ ಕೇಳಬೇಕಾದ ಪ್ರಶ್ನೆ ಅದೇ: ಇದಕ್ಕೆ ಕರೆಂಟ್ ಎಲ್ಲಿಂದ, ಇದರ ದಾರಿ ಯಾವುದರ ಮೇಲೆ ಹಾದುಹೋಗುತ್ತದೆ? ಪ್ರತಿವರ್ಷ ಮಳೆಗೆ ಮುಂಚೆ ತಾಲ್ಲೂಕು ಮಟ್ಟದಲ್ಲಿ ಅಧಿಕಾರಿಗಳ ಪೂರ್ವಸಿದ್ಧತಾ ಸಭೆ ನಡೆಯುತ್ತದೆ. ಮೆಸ್ಕಾಂ ಎಷ್ಟು ಕಂಬ, ಎಷ್ಟು ಟಿ.ಸಿ. ದಾಸ್ತಾನಿದೆ ಎಂದು ಹೇಳುತ್ತದೆ, ಕಾಳಜಿ ಕೇಂದ್ರಗಳ ಪಟ್ಟಿ ಓದುತ್ತಾರೆ. ಆ ಪಟ್ಟಿಗೆ ತಾಲ್ಲೂಕಿನ ಪ್ರತಿ ಟವರು, ಪ್ರತಿ ಎಕ್ಸ್‌ಚೇಂಜಿನ ಹೆಸರಿನ ಮುಂದೆ ಎರಡು ಕಾಲಂ ಸೇರಿಸಬಹುದು. ಒಂದರಲ್ಲಿ ಹೋದ ಸಲ ಕರೆಂಟ್ ಹೋದಾಗ ಬ್ಯಾಟರಿ ಎಷ್ಟು ಗಂಟೆ ತಡೆಯಿತು ಎಂಬ ಅಂಕಿ, ಇನ್ನೊಂದರಲ್ಲಿ ಆ ಅಂಕಿ ಯಾವ ದಾರಿಯಲ್ಲಿ ಬಂತು ಎಂಬ ವಿವರ. ಎರಡನೆಯ ಕಾಲಮ್ಮಿನಲ್ಲಿ 'ಮೊಬೈಲ್ ಮೂಲಕ' ಎಂದು ಬರೆದ ಸ್ಥಳಗಳಿಗೆ, ಸಭೆ ಮುಗಿದ ವಾರದೊಳಗೆ ಒಬ್ಬರು ಹೋಗಿ ಮೈನ್ ಸ್ವಿಚ್ ಕೆಳಗಿಳಿಸಿ, ನೆಟ್‌ವರ್ಕ್ ನಿಲ್ಲುವವರೆಗೆ ಗಡಿಯಾರ ನೋಡುತ್ತ ಕಾದು ಬರಲಿ.